ಕಣಗಳನ್ನು ಎಣಿಸುವ ತಂತಿ: ರಚನೆ ಮತ್ತು ಪರೀಕ್ಷೆ

2014ರ ಡಿಸೆಂಬರ್ 1ರಂದು ನೀಲಗಿರಿಯ ಉದಕಮಂಡಲದ ಮೇಲೆ ಒಂದು ಗುಡುಗುಮೋಡ ಹಾದುಹೋಯಿತು. ಹಿಂಗಾರಿನ ದಿನಗಳಲ್ಲಿ ಆ ಬೆಟ್ಟಗಳಿಗೆ ಅದೇನೂ ಅಪರೂಪವಲ್ಲ. ಆದರೆ ಅಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಶ್ವಕಿರಣ ಪ್ರಯೋಗಾಲಯದಲ್ಲಿ, ಎರಡು ಮೀಟರ್ ದಪ್ಪದ ಕಾಂಕ್ರೀಟಿನ ಅಡಿಯಲ್ಲಿ ಸಾಲುಸಾಲಾಗಿ ಮಲಗಿಸಿದ ಕಬ್ಬಿಣದ ಕೊಳವೆಗಳು ಎಣಿಸುತ್ತಿದ್ದ ಮ್ಯೂಆನ್ ಕಣಗಳ ಸಂಖ್ಯೆ ಆ ಹೊತ್ತಿನಲ್ಲಿ ಶೇಕಡಾ 2ರಷ್ಟು ಕುಸಿಯಿತು. ಹದಿನೆಂಟು ನಿಮಿಷಗಳ ಕಾಲ ಈ ಇಳಿಕೆ ಕಂಡಿತು. ಬಳಿಕ ಎಣಿಕೆ ಮೊದಲಿನ ಮಟ್ಟಕ್ಕೆ ಮರಳಿತು. ಇಷ್ಟನ್ನೇ ಆಧಾರವಾಗಿಟ್ಟುಕೊಂಡು ವಿಜ್ಞಾನಿಗಳು ಆ ಮೋಡದೊಳಗಿನ ವಿಭವಾಂತರ ಸುಮಾರು 130 ಕೋಟಿ ವೋಲ್ಟ್ ಇತ್ತೆಂದು ಲೆಕ್ಕಹಾಕಿ 2019ರಲ್ಲಿ ಪ್ರಕಟಿಸಿದರು. ಗುಡುಗುಮೋಡದಲ್ಲಿ ನೂರು ಕೋಟಿ ವೋಲ್ಟಿನ ಆಸುಪಾಸಿನ ವಿಭವಾಂತರ ಇರಬಹುದೆಂದು ಸಿ.ಟಿ.ಆರ್. ವಿಲ್ಸನ್ 1929ರಷ್ಟು ಹಿಂದೆಯೇ ಊಹಿಸಿದ್ದರು. ಆದರೆ ಬಲೂನು, ವಿಮಾನಗಳಿಂದ ಅಳೆದಾಗ ಅದರ ಹತ್ತನೆಯ ಒಂದು ಪಾಲಿನ ಸುತ್ತಮುತ್ತಲಿನ ಬೆಲೆಗಳಷ್ಟೇ ದೊರೆತಿದ್ದವು.

ನೂರಕ್ಕೆ ಎರಡು. ಹಾಜರಿ ಪುಸ್ತಕದಲ್ಲಿ ನೂರು ಮಕ್ಕಳ ಪೈಕಿ ಇಬ್ಬರು ಗೈರುಹಾಜರಾದರೆ ಊರಿನಲ್ಲಿ ಜ್ವರ ಹಬ್ಬಿದೆಯೆಂದು ಯಾವ ಶಿಕ್ಷಕರೂ ತೀರ್ಮಾನಿಸುವುದಿಲ್ಲ. ಹಾಗಾದರೆ ಕೊಳವೆಗಳ ಎಣಿಕೆಯಲ್ಲಿ ನೂರಕ್ಕೆ ಎರಡು ತಪ್ಪಿದಾಗ ಅದಕ್ಕೆ ಮೋಡವೇ ಕಾರಣವೆಂದು ಹೇಳಲು ಧೈರ್ಯ ಎಲ್ಲಿಂದ ಬಂತು? ಮಿಂಚಿನಿಂದ ವಿದ್ಯುತ್ ಪೂರೈಕೆ ಏರುಪೇರಾಗಿರಬಹುದು, ಯಾವುದೋ ತಂತಿ ಸಡಿಲಗೊಂಡಿರಬಹುದು, ಕೊಳವೆಯೊಳಗಿನ ಅನಿಲ ಕೆಟ್ಟಿರಬಹುದು. ಈ ಸಂಶಯಗಳಿಗೆಲ್ಲ ಮೋಡ ಬರುವುದಕ್ಕೆ ಎಷ್ಟೋ ವರ್ಷಗಳ ಮೊದಲೇ, ಕೊಳವೆಗಳನ್ನು ಕಟ್ಟುವಾಗಲೇ ಉತ್ತರ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಪ್ರೌಢಶಾಲೆಯ ವಿಜ್ಞಾನ ಪಾಠಗಳು ಸಾಮಾನ್ಯವಾಗಿ ಫಲಿತಾಂಶವನ್ನು ಹೇಳಿ ಮುಂದಕ್ಕೆ ಸಾಗುತ್ತವೆ. ಫಲಿತಾಂಶ ಕೊಟ್ಟ ಉಪಕರಣವನ್ನು ಕಟ್ಟಿ ಪರೀಕ್ಷಿಸಿದ ಕತೆಗೆ ಅಲ್ಲಿ ಜಾಗವಿರುವುದಿಲ್ಲ. ಈ ಲೇಖನದ ವಿಷಯ ಆ ಕತೆ.

ಕೊಳವೆಯೊಳಗೆ ನಡೆಯುವುದು

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಮೇಲ್ಪದರಕ್ಕೆ ಬಡಿದಾಗ ಹುಟ್ಟುವ ಕಣಗಳಲ್ಲಿ ಮ್ಯೂಆನ್ ಒಂದು. ಎಲೆಕ್ಟ್ರಾನಿನ ಹಾಗೆಯೇ ವಿದ್ಯುದಾವೇಶವುಳ್ಳದ್ದು, ಆದರೆ ಅದರ ಸುಮಾರು 207 ಪಟ್ಟು ತೂಕದ್ದು. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸರಿಸುಮಾರು ಒಂದರಂತೆ ಅದು ಸುರಿಯುತ್ತಿರುತ್ತದೆ. ಅಂಗೈಯನ್ನು ಚಾಚಿ ಹಿಡಿದರೆ ಸೆಕೆಂಡಿಗೆ ಒಂದೋ ಎರಡೋ ಮ್ಯೂಆನ್‌ಗಳು ಅದರ ಮೂಲಕ ಹಾದುಹೋಗುತ್ತವೆ. ಶಾಲೆಯ ಹೆಂಚು, ಮೇಜು, ಪುಸ್ತಕ ಯಾವುದೂ ಅದಕ್ಕೆ ತಡೆಯಲ್ಲ.

ಉದಕಮಂಡಲದ ‘ಗ್ರೇಪ್ಸ್-3’ ಪ್ರಯೋಗದ ಮ್ಯೂಆನ್ ದೂರದರ್ಶಕದಲ್ಲಿ (ಹೆಸರಿಗೂ ದ್ರಾಕ್ಷಿಗೂ ಸಂಬಂಧವಿಲ್ಲ, ಅದು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆದದ್ದು) ಒಂದೊಂದು ಕೊಳವೆಯೂ ಆರು ಮೀಟರ್ ಉದ್ದವಿದೆ. ಅಡ್ಡಕೊಯ್ತ 10 ಸೆಂಟಿಮೀಟರ್ ಬದಿಯ ಚೌಕ. ನಡುವೆ ಉದ್ದಕ್ಕೂ ಒಂದು ಟಂಗ್‌ಸ್ಟನ್ ತಂತಿ, ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಒಳಗೆ ಹತ್ತರಲ್ಲಿ ಒಂಬತ್ತು ಪಾಲು ಆರ್ಗಾನ್, ಒಂದು ಪಾಲು ಮೀಥೇನ್ ಅನಿಲ. ತಂತಿಗೆ ಕೆಲವು ಸಾವಿರ ವೋಲ್ಟಿನ ಧನ ವಿಭವ. ಕೊಳವೆಯ ಗೋಡೆ ಭೂಸಂಪರ್ಕದಲ್ಲಿರುತ್ತದೆ. ಇಷ್ಟೇ ಉಪಕರಣ. ಇದನ್ನು ಇಂಗ್ಲಿಷಿನಿಂದ ‘ಅನುಪಾತೀಯ ಗಣಕ’ ಎಂದು ಪದಶಃ ತಂದರೆ ಮಕ್ಕಳ ಕಣ್ಣಮುಂದೆ ಕಂಪ್ಯೂಟರ್ ಬಂದು ನಿಲ್ಲುತ್ತದೆ. ‘ಎಣಿಕೆ ಕೊಳವೆ’ ಎಂದರೆ ಸಾಕು. ಒಂದೇ ಚೌಕಟ್ಟಿನಲ್ಲಿ ಅನೇಕ ತಂತಿಗಳಿದ್ದರೆ ‘ತಂತಿ ಕೋಶ’.

ಮ್ಯೂಆನ್ ಅನಿಲದ ಮೂಲಕ ಹಾದುಹೋಗುವಾಗ ದಾರಿಯಲ್ಲಿ ಸಿಕ್ಕ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತದೆ. ಸಾಮಾನ್ಯ ಒತ್ತಡದ ಆರ್ಗಾನಿನಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು ನೂರು. ಪಠ್ಯದಲ್ಲಿ ಬರುವ ಅಯಾನೀಕರಣ ಇದೇ. ಬಿಡುಗಡೆಯಾದ ಎಲೆಕ್ಟ್ರಾನುಗಳು ಧನ ತಂತಿಯ ಕಡೆಗೆ ತೇಲಿಕೊಂಡು ಹೋಗುತ್ತವೆ. ನೂರು, ಸಾವಿರ ಎಲೆಕ್ಟ್ರಾನುಗಳು ಹೊತ್ತ ಆವೇಶವನ್ನು ನೇರವಾಗಿ ಅಳೆಯುವುದು ಬಲು ಕಷ್ಟ. ತಂತಿಯ ಚಮತ್ಕಾರವಿರುವುದು ಇಲ್ಲಿ. ವಿದ್ಯುತ್ ಕ್ಷೇತ್ರದ ತೀವ್ರತೆ ತಂತಿಯ ಅಕ್ಷದಿಂದ ಇರುವ ದೂರಕ್ಕೆ ವಿಲೋಮವಾಗಿರುತ್ತದೆ. ಚೌಕ ಕೊಳವೆಯನ್ನು ದುಂಡಗಿನದೆಂದು ಭಾವಿಸಿ ಲೆಕ್ಕಹಾಕಿದರೆ, ಗೋಡೆಯಿರುವುದು 5 ಸೆಂಟಿಮೀಟರ್ ದೂರದಲ್ಲಿ, ತಂತಿಯ ಮೇಲ್ಮೈಯಿರುವುದು ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಲ್ಲಿ. ಅಂದರೆ ತಂತಿಯ ಮೈಮೇಲಿನ ಕ್ಷೇತ್ರ ಗೋಡೆಯ ಬಳಿಯದಕ್ಕಿಂತ ಸಾವಿರ ಪಟ್ಟು ತೀವ್ರ. ತಂತಿ ತೆಳ್ಳಗಿದ್ದಷ್ಟೂ ಈ ಅನುಪಾತ ಹೆಚ್ಚುತ್ತದೆ. ಸಲಾಕೆಯ ಬದಲು ತಂತಿಯನ್ನೇ ಬಳಸುವುದಕ್ಕೆ ಇದು ಕಾರಣ.

ತಂತಿಯ ತೀರ ಸಮೀಪಕ್ಕೆ ಬಂದ ಎಲೆಕ್ಟ್ರಾನ್ ಆ ತೀವ್ರ ಕ್ಷೇತ್ರದಲ್ಲಿ ವೇಗ ಪಡೆದು ಇನ್ನೊಂದು ಪರಮಾಣುವಿನಿಂದ ಎಲೆಕ್ಟ್ರಾನನ್ನು ಹೊಡೆದುರುಳಿಸುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಇಂಗ್ಲಿಷ್ ಪುಸ್ತಕಗಳು ಇದನ್ನು ಪರ್ವತದ ಹಿಮಕುಸಿತಕ್ಕೆ ಹೋಲಿಸುತ್ತವೆ. ಸೊಲ್ಲಾಪುರದಲ್ಲಾಗಲಿ ಆದೋನಿಯಲ್ಲಾಗಲಿ ಮಗುವೊಂದು ಹಿಮಕುಸಿತವನ್ನು ಕಂಡಿರುವುದಿಲ್ಲ. ಚದುರಂಗದ ಮನೆಮನೆಗೂ ಅಕ್ಕಿಕಾಳನ್ನು ಇಮ್ಮಡಿ ಮಾಡುತ್ತ ಹೋದ ಜಾಣನ ಕತೆ ಅದಕ್ಕೆ ಗೊತ್ತು. ಅದೇ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಹತ್ತು ಇಮ್ಮಡಿಗೆ 1,024, ಹದಿಮೂರಕ್ಕೆ 8,192. ಇದೆಲ್ಲ ತಂತಿಯ ಸುತ್ತ ಕೂದಲೆಳೆಯಷ್ಟು ಜಾಗದಲ್ಲಿ ಮುಗಿದುಹೋಗುತ್ತದೆ. ಆರಂಭದಲ್ಲಿ ಎಷ್ಟು ಎಲೆಕ್ಟ್ರಾನುಗಳಿದ್ದವೋ ಅದಕ್ಕೆ ಅನುಪಾತವಾಗಿ ಕೊನೆಯ ಮೊತ್ತವಿರುತ್ತದೆ; ಹೆಸರಿನ ‘ಅನುಪಾತ’ ಬಂದದ್ದು ಹೀಗೆ. ಮೀಥೇನಿನ ಕೆಲಸ ಬೇರೆ. ಈ ಗದ್ದಲದಲ್ಲಿ ಹೊಮ್ಮುವ ಅತಿನೇರಳೆ ಬೆಳಕನ್ನು ಅದು ಹೀರಿಕೊಳ್ಳುತ್ತದೆ. ಇಲ್ಲವಾದರೆ ಆ ಬೆಳಕು ಬೇರೆಡೆ ಹೊಸ ಎಲೆಕ್ಟ್ರಾನುಗಳನ್ನು ಎಬ್ಬಿಸಿ ಕೊಳವೆಯಿಡೀ ಹೊತ್ತಿಕೊಂಡಂತಾಗುತ್ತದೆ.

ಒಂದು ಸೂಕ್ಷ್ಮವನ್ನು ಇಲ್ಲಿ ಸೇರಿಸಬಹುದು. ಎಲೆಕ್ಟ್ರಾನುಗಳು ತಂತಿಯನ್ನು ಸೇರಿದ್ದರಿಂದಲೇ ಸಂಕೇತ ಉಂಟಾಗುತ್ತದೆಂದು ಅನೇಕ ಪುಸ್ತಕಗಳು ಸರಳಗೊಳಿಸಿ ಹೇಳುತ್ತವೆ. ವಾಸ್ತವದಲ್ಲಿ ತಂತಿಯ ಬಳಿ ಉಳಿದ ಧನ ಅಯಾನುಗಳು ನಿಧಾನವಾಗಿ ಗೋಡೆಯ ಕಡೆಗೆ ಸರಿಯುವುದರಿಂದ ಪ್ರೇರಿತವಾಗುವ ಪಾಲೇ ದೊಡ್ಡದು. ಹತ್ತನೆಯ ತರಗತಿಗೆ ಇಷ್ಟು ಆಳ ಬೇಡ. ಆದರೆ ಜಾಣ ವಿದ್ಯಾರ್ಥಿಯೊಬ್ಬ ಕೇಳಿದರೆ ಶಿಕ್ಷಕರ ಬಳಿ ಉತ್ತರವಿರಲಿ.

ಕಟ್ಟುವ ಕೆಲಸ

ಕಟ್ಟುವುದು ತೊಳೆಯುವುದರಿಂದ ಆರಂಭವಾಗುತ್ತದೆ. ಕೊಳವೆಯ ಒಳಮೈಯಲ್ಲಿ ತುಕ್ಕು, ಎಣ್ಣೆಯ ಜಿಡ್ಡು, ಲೋಹದ ಚೂರು ಏನಿದ್ದರೂ ಅದು ಮುಂದೆ ತೊಂದರೆಯಾಗಿ ತಲೆಯೆತ್ತುತ್ತದೆ. ಬೆರಳಚ್ಚಿನ ಜಿಡ್ಡೂ ಸಾಕು; ಆದ್ದರಿಂದ ಕೈಗವಸು ಕಡ್ಡಾಯ. ತುದಿಗಳನ್ನು ಮುಚ್ಚುವ ಫಲಕಗಳ ನಡುವೆ ತಂತಿ ಹೊರಬರುವ ಕಡೆ ಗಾಜು ಇಲ್ಲವೇ ಪಿಂಗಾಣಿಯ ನಿರೋಧಕವಿರುತ್ತದೆ. ಅದು ಏಕಕಾಲಕ್ಕೆ ಎರಡು ಕೆಲಸ ಮಾಡಬೇಕು: ಸಾವಿರಾರು ವೋಲ್ಟನ್ನು ಗೋಡೆಯಿಂದ ಪ್ರತ್ಯೇಕಿಸಬೇಕು, ಅನಿಲವನ್ನು ವರ್ಷಗಟ್ಟಲೆ ಒಳಗೇ ಹಿಡಿದಿಡಬೇಕು.

ಆಮೇಲೆ ತಂತಿ. ಇದು ಯಂತ್ರಕ್ಕಿಂತ ಕೈಗೆ ಸೇರಿದ ಕೆಲಸ. ಒಂದು ತುದಿಯನ್ನು ಬಿಗಿದು, ಇನ್ನೊಂದು ತುದಿಗೆ ರಾಟೆಯ ಮೇಲಿಂದ ನಿರ್ದಿಷ್ಟ ತೂಕವನ್ನು ತೂಗುಬಿಟ್ಟು, ಎಳೆತ ನೆಲೆಗೊಂಡ ಮೇಲೆ ಆ ತುದಿಯನ್ನೂ ಬಿಗಿಯುತ್ತಾರೆ. ನಡುವೆ ಎಲ್ಲಿಯಾದರೂ ತಂತಿ ಮಡಿಸಿಕೊಂಡರೆ ಆ ಮಡಿಕೆ ಹೋಗುವುದಿಲ್ಲ. ತಂತಿಯನ್ನು ಎಸೆದು ಮತ್ತೆ ಮೊದಲಿನಿಂದ ಆರಂಭಿಸಬೇಕು. ವೇಗವರ್ಧಕಗಳ ಬಳಿ ಬಳಸುವ ತಂತಿ ಕೋಶಗಳಲ್ಲಿ ತಂತಿಗಳು ಇನ್ನೂ ತೆಳ್ಳಗಿರುತ್ತವೆ. 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು, ಅಲ್ಲಿ ಸಾಮಾನ್ಯ. ತಲೆಗೂದಲಿಗಿಂತ ತೆಳುವಾದ ಈ ತಂತಿಗೆ ಚಿನ್ನದ ಲೇಪವಿರುತ್ತದೆ, ಮೇಲ್ಮೈ ಕೆಡದಿರಲೆಂದು ಮತ್ತು ಬೆಸುಗೆ ಹಿಡಿಯಲೆಂದು. ದೀಪವನ್ನು ಸರಿಯಾದ ಕೋನದಲ್ಲಿ ಹಿಡಿಯದಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ.

ಎಳೆತಕ್ಕೆ ಇಷ್ಟು ಮಹತ್ವ ಏಕೆ? ತಂತಿ ತನ್ನ ತೂಕದಿಂದಲೇ ನಡುವೆ ಜೋತುಬೀಳುತ್ತದೆ. ತಂತಿ ಕೋಶದಲ್ಲಾದರೆ ಇನ್ನೊಂದು ತೊಡಕೂ ಇದೆ. ಪಕ್ಕಪಕ್ಕದ ತಂತಿಗಳೆಲ್ಲ ಒಂದೇ ಬಗೆಯ ಆವೇಶ ಹೊತ್ತಿರುವುದರಿಂದ ಪರಸ್ಪರ ವಿಕರ್ಷಿಸುತ್ತವೆ. ಎಳೆತ ಸಾಲದಿದ್ದರೆ ಒಂದು ಮೇಲಕ್ಕೆ, ಮುಂದಿನದು ಕೆಳಕ್ಕೆ ಸರಿದು ಇಡೀ ಸಾಲು ಕೆಡುತ್ತದೆ. ಎಳೆತ ಹೆಚ್ಚಾದರೆ ತಂತಿ ತುಂಡಾಗುತ್ತದೆ, ಮತ್ತು ತುಂಡಾದ ಒಂದು ತಂತಿ ಚೌಕಟ್ಟಿನೊಳಗೆ ಸುರುಳಿಯಾಗಿ ಬಿದ್ದು ನೆರೆಯ ಹತ್ತಾರು ತಂತಿಗಳನ್ನು ನಿರುಪಯುಕ್ತ ಮಾಡಬಲ್ಲದು.

ಮುಚ್ಚಿದ ಕೊಳವೆಯೊಳಗಿನ ತಂತಿಯ ಎಳೆತವನ್ನು ಅಳೆಯುವ ವಿಧಾನ ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ಪಾಠಕ್ಕೆ ನೇರವಾಗಿ ಸಂಬಂಧಿಸಿದ್ದು. ತಂತಿಯನ್ನು ಅಯಸ್ಕಾಂತದ ಧ್ರುವಗಳ ನಡುವೆ ಇರಿಸಿ ಅದರಲ್ಲಿ ಪರ್ಯಾಯ ವಿದ್ಯುತ್ತನ್ನು ಹರಿಸುತ್ತಾರೆ. ವಿದ್ಯುತ್ತಿನ ಆವೃತ್ತಿಯನ್ನು ಬದಲಿಸುತ್ತ ಹೋದಾಗ ಒಂದು ಆವೃತ್ತಿಯಲ್ಲಿ ತಂತಿ ಜೋರಾಗಿ ಕಂಪಿಸುತ್ತದೆ. ಅದು ಅನುರಣನ. ಸೋನೋಮೀಟರ್ ಪ್ರಯೋಗವೆಂದರೆ ಇದೇ. ಉದ್ದದ ಇಮ್ಮಡಿಯಿಂದ 1ನ್ನು ಭಾಗಿಸಿ, ಎಳೆತವನ್ನು ಏಕಮಾನ ಉದ್ದದ ರಾಶಿಯಿಂದ ಭಾಗಿಸಿ ತೆಗೆದ ವರ್ಗಮೂಲದಿಂದ ಗುಣಿಸಿದರೆ ಮೂಲ ಆವೃತ್ತಿ ದೊರೆಯುತ್ತದೆ.

ಲೆಕ್ಕವನ್ನು ಹಲಗೆಯ ಮೇಲೆ ಮಾಡಿ ತೋರಿಸುವುದು ಸುಲಭ. ಟಂಗ್‌ಸ್ಟನ್ನಿನ ಸಾಂದ್ರತೆ ನೀರಿನ 19.3 ಪಟ್ಟು. 20 ಮೈಕ್ರಾನ್ ದಪ್ಪದ, ಒಂದು ಮೀಟರ್ ಉದ್ದದ ತಂತಿಯ ರಾಶಿ ಸುಮಾರು 6 ಮಿಲಿಗ್ರಾಂ. ಅದಕ್ಕೆ 50 ಗ್ರಾಂ ತೂಕದ ಎಳೆತ ಕೊಟ್ಟರೆ ಆವೃತ್ತಿ ಸೆಕೆಂಡಿಗೆ ಸುಮಾರು 142 ಕಂಪನ ಬರುತ್ತದೆ. ಗಂಡುದನಿಯ ಶ್ರುತಿಯ ಆಸುಪಾಸಿನ ನಾದ. ನಡುವಿನ ಜೋತು ಕೇವಲ 15 ಮೈಕ್ರಾನ್, ತಂತಿಯ ದಪ್ಪಕ್ಕಿಂತಲೂ ಕಡಿಮೆ. 100 ಮೈಕ್ರಾನ್ ದಪ್ಪದ, ಆರು ಮೀಟರ್ ಉದ್ದದ ತಂತಿಗೆ 300 ಗ್ರಾಂ ಎಳೆತ ಕೊಟ್ಟರೆಂದು ಇಟ್ಟುಕೊಂಡರೆ ಆವೃತ್ತಿ ಸೆಕೆಂಡಿಗೆ 12ರಷ್ಟು, ಕಿವಿಗೆ ಕೇಳದಷ್ಟು ಕೆಳಗೆ; ಜೋತು 2 ಮಿಲಿಮೀಟರಿಗೂ ಮಿಕ್ಕಿ. ಹತ್ತು ಸೆಂಟಿಮೀಟರಿನ ಕೊಳವೆಗೆ ಅಷ್ಟು ಜೋತು ಬಾಧಕವಲ್ಲ. ತಂತಿಗಳ ನಡುವೆ ಕೆಲವೇ ಮಿಲಿಮೀಟರ್ ಅಂತರವಿರುವ ಕೋಶಕ್ಕೆ ಅದೇ ಜೋತು ಮಾರಕ. ಶಾಲೆಯಲ್ಲಿ ಸೋನೋಮೀಟರ್ ಇಲ್ಲದಿದ್ದರೆ ತತ್ವಪದ ಹಾಡುವವರ ಏಕತಾರಿ ಆದೀತು. ಬಿರಡೆ ತಿರುಗಿಸಿದಂತೆ ಶ್ರುತಿ ಏರುವುದನ್ನು ಕೇಳಿಸಿ, ಕಿವಿ ಮುಚ್ಚಿಕೊಂಡಿರುವಾಗಲೂ ತಂತಿಯ ಬಿಗಿಯನ್ನು ತಿಳಿಯುವ ಉಪಾಯವೇನೆಂದು ಮಕ್ಕಳನ್ನೇ ಕೇಳಬಹುದು.

ನಂಬುವ ಮೊದಲು

ಕಟ್ಟಿದ ಕೊಳವೆ ಇನ್ನೂ ಸಾಕ್ಷಿಯಲ್ಲ. ಅದು ಪರೀಕ್ಷೆಗಳನ್ನು ದಾಟಬೇಕು.

ಮೊದಲನೆಯದು ಸೋರಿಕೆ. ಸೈಕಲ್ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುವುದು ಎಲ್ಲರಿಗೂ ಗೊತ್ತು. ಇಲ್ಲಿ ಅಷ್ಟು ಸಾಲದು. ಕೊಳವೆಯೊಳಗಿನ ಗಾಳಿಯನ್ನು ಹೊರತೆಗೆದು, ಹೊರಗಡೆ ಬೆಸುಗೆಯ ಜಾಗಗಳಿಗೆ ಹೀಲಿಯಂ ಅನಿಲವನ್ನು ಊದಿ, ಒಳಗೆ ಹೀಲಿಯಂ ಪರಮಾಣು ನುಸುಳಿತೇ ಎಂದು ಸೂಕ್ಷ್ಮ ಉಪಕರಣದಿಂದ ನೋಡುತ್ತಾರೆ. ಸಣ್ಣ ಪರಮಾಣುವಾದ್ದರಿಂದ ಅದು ಎಂಥ ಬಿರುಕನ್ನೂ ಹುಡುಕಿಕೊಂಡು ಹೋಗುತ್ತದೆ. ಇಷ್ಟೊಂದು ಕಟ್ಟುನಿಟ್ಟಿಗೆ ಕಾರಣ ಆಮ್ಲಜನಕ. ಅದರ ಅಣುವಿಗೆ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳುವ ಗುಣವಿದೆ. ಅತ್ಯಲ್ಪ ಗಾಳಿ ಒಳಸೇರಿದರೂ ತಂತಿಯನ್ನು ತಲುಪಬೇಕಾದ ಎಲೆಕ್ಟ್ರಾನುಗಳು ದಾರಿಯಲ್ಲೇ ಕಳೆದುಹೋಗುತ್ತವೆ. ಕೊಳವೆ ಆಗ ಕೆಟ್ಟು ನಿಲ್ಲುವುದಿಲ್ಲ; ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಎಣಿಸುತ್ತ ಹೋಗುತ್ತದೆ. ಪೂರ್ತಿ ಕೆಟ್ಟ ಕೊಳವೆಗಿಂತ ಇದು ಅಪಾಯಕಾರಿ, ಏಕೆಂದರೆ ಯಾರಿಗೂ ಸಂಶಯ ಬರುವುದಿಲ್ಲ.

ಎರಡನೆಯದು ವೋಲ್ಟೇಜು. ಅದನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸುತ್ತ, ಏನೂ ಹರಿಯಬಾರದ ಕಡೆ ಎಷ್ಟು ವಿದ್ಯುತ್ ಹರಿಯುತ್ತಿದೆಯೆಂದು ನೋಡುತ್ತಾರೆ. ಒಂದು ಆಂಪಿಯರಿನ ನೂರು ಕೋಟಿಯಲ್ಲಿ ಒಂದು ಪಾಲಿನ ಮಟ್ಟದ ಅಳತೆ ಇದು. ಒಳಗೆ ಒಂದು ಎಳೆ ನಾರು, ಒಂದು ಚೂಪು ಲೋಹಕಣ ಇದ್ದರೆ ಅದರ ತುದಿಯಲ್ಲಿ ಕಿಡಿ ಹಾರುತ್ತದೆ. ತೊಳೆಯುವಾಗ ತೋರಿದ ಉದಾಸೀನ ಈ ಹಂತದಲ್ಲಿ ಬಯಲಾಗುತ್ತದೆ.

ಆಮೇಲೆ ಎಣಿಕೆಯ ಪರೀಕ್ಷೆ. ತೆಳುಗೋಡೆಯ ಕೋಶಗಳಿಗೆ ಕಬ್ಬಿಣ-55 ಎಂಬ ವಿಕಿರಣಶೀಲ ಐಸೋಟೋಪನ್ನು ಬಳಸುವುದು ರೂಢಿ. ಅದರ ಎಕ್ಸ್-ಕಿರಣದ ಶಕ್ತಿ 5,900 ಎಲೆಕ್ಟ್ರಾನ್-ವೋಲ್ಟ್ ಎಂದು ನಿಖರವಾಗಿ ಗೊತ್ತು. ಆರ್ಗಾನಿನಲ್ಲಿ ಒಂದು ಎಲೆಕ್ಟ್ರಾನನ್ನು ಬಿಡಿಸಲು ಸರಾಸರಿ 26 ಎಲೆಕ್ಟ್ರಾನ್-ವೋಲ್ಟ್ ಬೇಕು. ಭಾಗಿಸಿದರೆ ಸುಮಾರು 227. ಹೊರಬರುವ ಸಂಕೇತವನ್ನು ಈ ಸಂಖ್ಯೆಗೆ ಹೋಲಿಸಿದರೆ ತಂತಿ ಎಷ್ಟು ಪಟ್ಟು ಹಿಗ್ಗಿಸುತ್ತಿದೆಯೆಂದು ತಿಳಿಯುತ್ತದೆ. ಅಂಗಡಿಯ ತಕ್ಕಡಿಯನ್ನು ಮುದ್ರೆಯೊತ್ತಿದ ಬಟ್ಟಿನಿಂದ ಪರಿಶೀಲಿಸುವುದಕ್ಕೂ ಇದಕ್ಕೂ ತಾತ್ವಿಕ ವ್ಯತ್ಯಾಸವಿಲ್ಲ. ದಪ್ಪ ಕಬ್ಬಿಣದ ಕೊಳವೆಯೊಳಕ್ಕೆ ಈ ಎಕ್ಸ್-ಕಿರಣ ಹೋಗಲಾರದು. ಅಲ್ಲಿ ಆಕಾಶದಿಂದ ಪುಕ್ಕಟೆಯಾಗಿ ಬರುವ ಮ್ಯೂಆನ್‌ಗಳೇ ಪರೀಕ್ಷಕರು.

ವೋಲ್ಟೇಜು ಏರಿಸಿದಂತೆ ಎಣಿಕೆಯೂ ಏರುತ್ತದೆ, ಒಂದು ಹಂತದಲ್ಲಿ ಸಮತಟ್ಟಾಗುತ್ತದೆ, ಮುಂದೆ ಮತ್ತೆ ಏರತೊಡಗುತ್ತದೆ. ನಕ್ಷೆ ಬರೆದರೆ ನಡುಭಾಗ ಪ್ರಸ್ಥಭೂಮಿಯಂತೆ ಕಾಣುತ್ತದೆ. ಆ ಭಾಗಕ್ಕೆ ಹೆಸರೂ ಅದೇ. ಕೊಳವೆಯನ್ನು ನಡೆಸಬೇಕಾದದ್ದು ಈ ಪ್ರಸ್ಥಭೂಮಿಯ ನಡುವೆ. ಅಲ್ಲಿ ವೋಲ್ಟೇಜು ಕೊಂಚ ಹೆಚ್ಚುಕಡಿಮೆಯಾದರೂ ಎಣಿಕೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಗುಡುಗು-ಮಿಂಚಿನ ಹೊತ್ತಿನ ವಿದ್ಯುತ್ ಏರುಪೇರಿನ ಸಂಶಯಕ್ಕೆ ಮೊದಲ ಉತ್ತರ ಇಲ್ಲಿದೆ.

ಇನ್ನು, ಹಾದುಹೋದ ನೂರು ಕಣಗಳಲ್ಲಿ ಎಷ್ಟನ್ನು ಕೊಳವೆ ನಿಜವಾಗಿ ಗುರುತಿಸುತ್ತದೆ? ಹಾದುಹೋದವು ಎಷ್ಟೆಂದು ಗೊತ್ತಿಲ್ಲದೆ ಇದನ್ನು ಹೇಳುವುದು ಹೇಗೆ? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೆಲವು ನಿಮಿಷ ಹಾಗೆಯೇ ಬಿಡುವುದು ಒಳ್ಳೆಯದು. ಗಡಿಭಾಗದ ಮಕ್ಕಳಿಗೆ ಚೆಕ್‌ಪೋಸ್ಟ್ ಪರಿಚಿತ. ಕವಲುಗಳಿಲ್ಲದ ಒಂದು ರಸ್ತೆಯಲ್ಲಿ ಒಂದರ ಬಳಿಕ ಒಂದರಂತೆ ಮೂರು ಚೆಕ್‌ಪೋಸ್ಟ್‌ಗಳಿವೆ, ಮೂರರಲ್ಲೂ ಗುಮಾಸ್ತರು ವಾಹನಗಳ ಸಂಖ್ಯೆ ಬರೆದುಕೊಳ್ಳುತ್ತಾರೆ ಎಂದು ಭಾವಿಸಬೇಕು. ಮೊದಲನೆಯ ಮತ್ತು ಮೂರನೆಯ ಪುಸ್ತಕಗಳೆರಡರಲ್ಲೂ ಇರುವ ವಾಹನ ಎರಡನೆಯದನ್ನು ದಾಟಿಯೇ ಬಂದಿರಬೇಕು. ಅಂಥ 1,000 ವಾಹನಗಳಲ್ಲಿ 985 ಮಾತ್ರ ಎರಡನೆಯ ಪುಸ್ತಕದಲ್ಲಿದ್ದರೆ ಆ ಗುಮಾಸ್ತರ ದಕ್ಷತೆ ಶೇಕಡಾ 98.5. ಅವರು ತಮ್ಮ ಬಗ್ಗೆ ಏನು ಹೇಳಿಕೊಂಡರೂ ಲೆಕ್ಕ ಬದಲಾಗುವುದಿಲ್ಲ. ಕೊಳವೆಗಳನ್ನೂ ಒಂದರ ಮೇಲೊಂದಿಟ್ಟು, ಮೇಲಿನದು ಮತ್ತು ಕೆಳಗಿನದು ಏಕಕಾಲಕ್ಕೆ ಸಂಕೇತ ಕೊಟ್ಟಾಗ ನಡುವಿನದು ಕೊಟ್ಟಿತೇ ಎಂದು ನೋಡುತ್ತಾರೆ. ಬೀಜಗಣಿತವೂ ಬೇಡದ ಈ ಉಪಾಯ ಕಣ ಭೌತವಿಜ್ಞಾನದ ಅತ್ಯಂತ ಸುಂದರ ಉಪಾಯಗಳಲ್ಲೊಂದು.

ಉದಕಮಂಡಲದಲ್ಲಿ ಕೊಳವೆಗಳು ನಾಲ್ಕು ಪದರಗಳಲ್ಲಿವೆ; ಪದರಕ್ಕೆ 58, ಒಂದು ಪದರ ಉದ್ದಕ್ಕಾದರೆ ಮುಂದಿನದು ಅಡ್ಡಕ್ಕೆ. ನಾಲ್ಕು ಪದರ ಸೇರಿ 232 ಕೊಳವೆಗಳ ಒಂದು ಘಟಕ. ಅಂಥ 16 ಘಟಕಗಳಲ್ಲಿ ಒಟ್ಟು 3,712 ಕೊಳವೆಗಳು 560 ಚದರ ಮೀಟರ್ ಜಾಗವನ್ನು ಆವರಿಸಿವೆ. ಯಾವ ಯಾವ ಕೊಳವೆಗಳು ಸಂಕೇತ ಕೊಟ್ಟವೆಂಬುದರಿಂದ ಮ್ಯೂಆನ್ ಬಂದ ದಿಕ್ಕೂ ತಿಳಿಯುತ್ತದೆ. ದಿನಕ್ಕೆ ಸುಮಾರು 400 ಕೋಟಿ ಮ್ಯೂಆನ್‌ಗಳು ಇಲ್ಲಿ ದಾಖಲಾಗುತ್ತವೆ. ನಿಮಿಷಕ್ಕೆ ಸರಿಸುಮಾರು 28 ಲಕ್ಷ. ಆಕಸ್ಮಿಕವಾಗಿ ಬರುವ ಘಟನೆಗಳ ಎಣಿಕೆಯಲ್ಲಿ ಸಹಜವಾದ ಏರಿಳಿತ ಆ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. 28 ಲಕ್ಷದ ವರ್ಗಮೂಲ ಸುಮಾರು 1,670, ಎಂದರೆ ಶೇಕಡಾ 0.06. ಡಿಸೆಂಬರ್ 1ರ ಇಳಿಕೆ ನಿಮಿಷಕ್ಕೆ ಸುಮಾರು 56 ಸಾವಿರ. ಹಾಜರಿ ಪುಸ್ತಕದ ಹೋಲಿಕೆ ಇಲ್ಲಿ ಮುರಿಯುತ್ತದೆ. ನೂರು ಮಕ್ಕಳಲ್ಲಿ ಹತ್ತರಷ್ಟು ಏರಿಳಿತ ಸಹಜ, 28 ಲಕ್ಷದಲ್ಲಿ 56 ಸಾವಿರ ಸಹಜವಲ್ಲ. ಒಂದು ಕೊಳವೆಯ ದೋಷವಾಗಿದ್ದರೆ ಒಂದು ಘಟಕದಲ್ಲಿ ಮಾತ್ರ ಕಾಣಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಮೋಡ ಸರಿದಂತೆ ಇಳಿಕೆಯೂ ಆಕಾಶದ ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಸರಿಯಿತು. ಕೆಟ್ಟ ತಂತಿಗೆ ಗಾಳಿಯ ದಿಕ್ಕು ಗೊತ್ತಿರುವುದಿಲ್ಲ.

ಮೋಡಕ್ಕೂ ಮ್ಯೂಆನ್‌ಗೂ ಇರುವ ನಂಟು ಹೀಗೆ: ಕೆಳಗಿಳಿಯುವ ಮ್ಯೂಆನ್‌ಗಳಲ್ಲಿ ಧನ ಆವೇಶದವು ಋಣ ಆವೇಶದವುಗಳಿಗಿಂತ ಸ್ವಲ್ಪ ಹೆಚ್ಚು. ಮೋಡದ ಕ್ಷೇತ್ರ ಒಂದು ಬಗೆಯನ್ನು ನಿಧಾನಗೊಳಿಸಿದರೆ ಇನ್ನೊಂದನ್ನು ಚುರುಕುಗೊಳಿಸುತ್ತದೆ. ಶಕ್ತಿ ಕಳೆದುಕೊಂಡವು ಕಾಂಕ್ರೀಟನ್ನು ದಾಟಲಾರವು. ಎರಡೂ ಸಮಸಂಖ್ಯೆಯಲ್ಲಿ ಇಲ್ಲದ ಕಾರಣ ಲಾಭನಷ್ಟ ಸರಿಹೋಗದೆ ಒಟ್ಟು ಎಣಿಕೆಯಲ್ಲಿ ಇಳಿಕೆ ಉಳಿಯುತ್ತದೆ.

ಒಂದು ತಂತಿಯಿಂದ ಸಾವಿರ ತಂತಿಗೆ

ನಡುವೆ ತಂತಿಯಿರುವ ಎಣಿಕೆ ಕೊಳವೆ ಹಳೆಯದು. ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್ ಮತ್ತು ಗೈಗರ್ 1908ರಲ್ಲೇ ಅದರಿಂದ ಆಲ್ಫಾ ಕಣಗಳನ್ನು ಎಣಿಸಿದ್ದರು. ಆದರೆ ಒಂದು ಕೊಳವೆ ‘ಕಣ ಬಂತು’ ಎನ್ನುತ್ತದೆಯೇ ಹೊರತು ‘ಇಲ್ಲಿ ಬಂತು’ ಎಂದು ನಿಖರವಾಗಿ ಹೇಳಲಾರದು. ಕಣದ ಜಾಡು ಬೇಕಾದಾಗ ಗುಳ್ಳೆ ಕೋಶದ ಲಕ್ಷಗಟ್ಟಲೆ ಛಾಯಾಚಿತ್ರಗಳನ್ನು ಮನುಷ್ಯರೇ ಕಣ್ಣಿಟ್ಟು ನೋಡಬೇಕಾಗಿತ್ತು. 1968ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಜಾರ್ಜ್ ಶಾರ್ಪಾಕ್ ಒಂದೇ ಚೌಕಟ್ಟಿನಲ್ಲಿ ಅನೇಕ ತಂತಿಗಳನ್ನು ಸಮಾನಾಂತರವಾಗಿ ಬಿಗಿದು, ಒಂದೊಂದು ತಂತಿಗೂ ಅದರದೇ ಆದ ವರ್ಧಕವನ್ನು ಜೋಡಿಸಿದರು. ಗೋಡೆಗಳಿಲ್ಲದೆಯೂ ಒಂದೊಂದು ತಂತಿ ಸ್ವತಂತ್ರ ಎಣಿಕೆ ಕೊಳವೆಯಂತೆ ವರ್ತಿಸಿತು. ಟ್ರಾನ್ಸಿಸ್ಟರ್ ಅಗ್ಗವಾಗದಿದ್ದರೆ ಈ ವಿಚಾರ ಕಾಗದದಲ್ಲೇ ಉಳಿಯುತ್ತಿತ್ತು. ಎಲೆಕ್ಟ್ರಾನುಗಳು ತಂತಿಗೆ ತೇಲಿಬರಲು ತೆಗೆದುಕೊಂಡ ಕಾಲವನ್ನೂ ಅಳೆದರೆ ಜಾಡಿನ ಸ್ಥಾನ ಮಿಲಿಮೀಟರಿನ ಒಂದೆರಡು ದಶಾಂಶದೊಳಗೆ ಸಿಗುತ್ತದೆಂದು ಮುಂದೆ ತಿಳಿಯಿತು. ಶಾರ್ಪಾಕ್ ಅವರಿಗೆ 1992ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಕೋಲಾರದ ಆಳದಲ್ಲಿ

ಪರೀಕ್ಷೆಗಳೆಲ್ಲ ಮುಗಿದು, ಕೊಳವೆಗಳು ಸರಿಯಾಗಿದ್ದೂ, ತೀರ್ಪು ಸಿಗದೆ ಹೋದ ಪ್ರಸಂಗವೊಂದು ಹೊಸೂರಿನಿಂದ ದೂರವೇನಲ್ಲದ ಕೋಲಾರ ಚಿನ್ನದ ಗಣಿಯದು. ಅಲ್ಲಿ ವಿಶ್ವಕಿರಣಗಳ ಅಳತೆಯನ್ನು 1951ರಲ್ಲಿ ಆರಂಭಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. ಆಳಕ್ಕಿಳಿದಂತೆ ಬಂಡೆ ಮ್ಯೂಆನ್‌ಗಳನ್ನು ತಡೆಯುತ್ತದೆ. ಮೇಲೆ ಅಂಗೈಯಗಲಕ್ಕೆ ಸೆಕೆಂಡಿಗೆ ಒಂದೆರಡು ಬೀಳುವ ಮ್ಯೂಆನ್, 2.3 ಕಿಲೋಮೀಟರ್ ಆಳದಲ್ಲಿ ಒಂದು ದೊಡ್ಡ ಶೋಧಕಕ್ಕೇ ದಿನಕ್ಕೆ ಬೆರಳೆಣಿಕೆಯಷ್ಟು. ಆ ನಿಶ್ಶಬ್ದದಲ್ಲಿ 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಮೊದಲ ಬಾರಿಗೆ ಸಿಕ್ಕಿತು; ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಸಿಕ್ಕಿತು. ಆ ಪ್ರಯೋಗದ ಉಪಕರಣಗಳು ಬೇರೆ ಬಗೆಯವು.

ಎಣಿಕೆ ಕೊಳವೆಗಳು ಬಂದದ್ದು 1980ರಲ್ಲಿ. ಪ್ರೋಟಾನ್ ಶಾಶ್ವತವಲ್ಲ, ಅತಿ ದೀರ್ಘ ಕಾಲದಲ್ಲಿ ಅದೂ ಒಡೆಯುತ್ತದೆ ಎಂದು ಆಗಿನ ಹೊಸ ಸಿದ್ಧಾಂತಗಳು ಹೇಳುತ್ತಿದ್ದವು. ಅದನ್ನು ಪರೀಕ್ಷಿಸಲು ಭಾರತ ಮತ್ತು ಜಪಾನಿನ ವಿಜ್ಞಾನಿಗಳು 2.3 ಕಿಲೋಮೀಟರ್ ಆಳದಲ್ಲಿ ಸುಮಾರು 1,600 ಚೌಕ ಕೊಳವೆಗಳನ್ನು 34 ಪದರಗಳಲ್ಲಿ, ನಡುನಡುವೆ ಕಬ್ಬಿಣದ ಹಲಗೆಗಳನ್ನಿಟ್ಟು ಪೇರಿಸಿದರು. ಒಟ್ಟು ತೂಕ 140 ಟನ್. ಆ ತೂಕದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನುಗಳ ಸಂಖ್ಯೆ 8ರ ಮುಂದೆ 31 ಸೊನ್ನೆಗಳಷ್ಟು. ಅವುಗಳ ಸರಾಸರಿ ಆಯುಷ್ಯ 1ರ ಮುಂದೆ 31 ಸೊನ್ನೆಗಳಷ್ಟು ವರ್ಷವಾಗಿದ್ದರೆ ವರ್ಷಕ್ಕೆ ಎಂಟು ಒಡೆಯಬೇಕು. ಒಂದು ಕಣಕ್ಕಾಗಿ ಅಷ್ಟು ವರ್ಷ ಕಾಯುವ ಬದಲು ಅಷ್ಟು ಕಣಗಳ ಮುಂದೆ ಒಂದು ವರ್ಷ ಕಾಯುವ ಈ ಯುಕ್ತಿ ಸಂಭವನೀಯತೆಯ ಪಾಠಕ್ಕೆ ಒಳ್ಳೆಯ ಉದಾಹರಣೆ.

ಪ್ರೋಟಾನ್ ಒಡೆದದ್ದಿರಬಹುದೆಂದು ತೋರುವ ಕೆಲವು ಘಟನೆಗಳು ಕೊಳವೆಗಳಲ್ಲಿ ದಾಖಲಾದವು. ಸಂಶೋಧಕರು ಅವನ್ನು ಪ್ರಕಟಿಸಿದರು. ಆದರೆ ಕಬ್ಬಿಣದೊಳಗೆ ನ್ಯೂಟ್ರಿನೊವೊಂದು ಡಿಕ್ಕಿ ಹೊಡೆದರೂ ಹೆಚ್ಚುಕಡಿಮೆ ಅಂಥದೇ ಜಾಡು ಉಳಿಯುತ್ತದೆ. ಹತ್ತು ಸೆಂಟಿಮೀಟರಿನ ಕೊಳವೆ ಆ ಎರಡನ್ನು ಖಚಿತವಾಗಿ ಬೇರ್ಪಡಿಸುವಷ್ಟು ಸೂಕ್ಷ್ಮವಾಗಿರಲಿಲ್ಲ. ಬಂಡೆ ಮ್ಯೂಆನನ್ನು ತಡೆಯಬಲ್ಲದು, ನ್ಯೂಟ್ರಿನೊವನ್ನು ತಡೆಯಲಾರದು. ಕೆಲವೇ ವರ್ಷಗಳಲ್ಲಿ ಅಮೆರಿಕದ ಐಎಂಬಿ, ಜಪಾನಿನ ಕಾಮಿಯೋಕಾಂಡೆ ಶೋಧಕಗಳು ಸಾವಿರಾರು ಟನ್ ನೀರಿನೊಂದಿಗೆ ಕೆಲಸ ಆರಂಭಿಸಿದವು. ಕೋಲಾರದ ಘಟನೆಗಳು ಪ್ರೋಟಾನಿನವೇ ಆಗಿದ್ದರೆ ಅಲ್ಲಿ ಧಾರಾಳವಾಗಿ ಕಾಣಬೇಕಿತ್ತು. ಕಾಣಲಿಲ್ಲ. 1985ರಲ್ಲಿ ಕೋಲಾರದಲ್ಲೇ ಇನ್ನೂ ದೊಡ್ಡದಾದ ಎರಡನೆಯ ಶೋಧಕವನ್ನು ನಿಲ್ಲಿಸಿದರೂ ಸ್ಥಿತಿ ಬದಲಾಗಲಿಲ್ಲ. ಗಣಿಯ ಆಳದ ಭಾಗಗಳು ಮುಚ್ಚುತ್ತ ಬಂದಂತೆ 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. ಗಣಿ 2001ರಲ್ಲಿ ಮುಚ್ಚಿತು.

ಪ್ರೋಟಾನ್ ಒಡೆಯುವುದನ್ನು ಈವರೆಗೆ ಯಾರೂ ಕಂಡಿಲ್ಲ. ಕಾಮಿಯೋಕಾಂಡೆಯ ಬಳಿಕ ಬಂದ, 50,000 ಟನ್ ನೀರಿನ ಸೂಪರ್ ಕಾಮಿಯೋಕಾಂಡೆ ಅದನ್ನು ಇಂದಿಗೂ ಹುಡುಕುತ್ತಿದೆ. ಈ ಹುಡುಕಾಟಕ್ಕೆ ಸತತ ಅಡ್ಡಿಯಾಗಿದ್ದ, ಲೆಕ್ಕದಿಂದ ಕಳೆಯಬೇಕಾಗಿದ್ದ ವಾಯುಮಂಡಲದ ನ್ಯೂಟ್ರಿನೊಗಳನ್ನೇ ಆ ಶೋಧಕದವರು ಎಚ್ಚರಿಕೆಯಿಂದ ಎಣಿಸಿದಾಗ, ಭೂಮಿಯನ್ನು ಹಾದು ಕೆಳಗಿನಿಂದ ಬರುವವು ಇರಬೇಕಾದಷ್ಟು ಇಲ್ಲವೆಂದು ಕಂಡಿತು. ನ್ಯೂಟ್ರಿನೊಗಳು ದಾರಿಯಲ್ಲಿ ಬಗೆ ಬದಲಿಸುತ್ತವೆ, ಅವಕ್ಕೆ ರಾಶಿಯಿದೆ ಎಂಬುದು 1998ರಲ್ಲಿ ಹೀಗೆ ತಿಳಿಯಿತು. ಆ ನ್ಯೂಟ್ರಿನೊಗಳು 1965ರಲ್ಲಿ ಕೋಲಾರದ ಗಣಿಯಲ್ಲಿ ಮೊದಲು ಸಿಕ್ಕಿಬಿದ್ದಿದ್ದ ಬಗೆಯವೇ.